ಸೊನ್ನೆ ಮನೆ

ನಮ್ಮ ಊರಿನಲ್ಲಿ ಯಾರ ಮನೆಗೆ ಹೋದರೂ ಅಲ್ಲಿರುವ ಸಾಮಾನೆಲ್ಲ ಆ ಮನೆಯವರದೇ ಎಂದು ತಿಳಿಯಬೇಡಿ. ನನ್ನ ಕೋಣೆಯನ್ನೇ ತೆಗೆದುಕೊಳ್ಳಿ. ನಾನು ಮಲಗುವ ಮಂಚ ಟೇಲರ್ ಮಾನಪ್ಪನದು. ಗೋಡೆಯ ಗಡಿಯಾರದ ಮೇಲೆ ನಾನು ಕಂಡು ಕೇಳದ ಗಂಡ ಹೆಂಡಿರ ಹೆಸರಿದೆ, ಅವರ ಮದುವೆಯ ಉಡುಗೊರೆ ಇರಬೇಕು. ನನ್ನ ಸ್ವಂತದ ಒಂದೇ ಒಂದು ಬೆತ್ತದ ಕುರ್ಚಿ ಎಷ್ಟೋ ಕಾಲದಿಂದ ಗಿರಣಿ ಓಣಿಯಲ್ಲಿದೆ. ಅದರಲ್ಲಿ ಈಗ ಯಾರು ಕೂರುತ್ತಾರೋ, ಆರಾಮಾಗಿ ಕೂತಿರಲಿ. ನಮ್ಮಲ್ಲಿ ನೆಲ ಇದ್ದಲ್ಲೇ ಇರುವುದಿಲ್ಲ. ಒಂದು ಓಣಿ ಮೇಲೇಳುತ್ತದೆ, ಇನ್ನೊಂದು ಕೆಳಗಿಳಿಯುತ್ತದೆ, ಆಮೇಲೆ ಎರಡೂ ಮನಸ್ಸು ಬದಲಿಸುತ್ತವೆ. ಇಳಿಯುವ ಮನೆಯಿಂದ ಸಾಮಾನು ತೆಗೆದು ಭಾರ ಕಡಿಮೆ ಮಾಡಬೇಕು, ಏರಿದ ಮನೆಯವರು ಆ ಸಾಮಾನನ್ನು ತಮ್ಮಲ್ಲಿ ಇಟ್ಟುಕೊಳ್ಳಬೇಕು. ಇದಕ್ಕೆ ‘ಹಗುರ ಮಾಡುವುದು’ ಎನ್ನುತ್ತಾರೆ. ಹಗುರ ಮಾಡಿದರೆ ಮನೆ ನಿಲ್ಲುತ್ತದೆ, ಎಷ್ಟೋ ಸಲ ಮೆಲ್ಲಗೆ ಮೇಲೂ ಬರುತ್ತದೆ. ಮಾಡದಿದ್ದರೆ ಏನಾಗುತ್ತದೆ ಎಂದು ಕೇಳುವವರಿಗೆ ತೋರಿಸಲು ಸಂತೆ ಮೈದಾನದ ಹಿಂದೆ ಒಂದು ಹೊಂಡವಿದೆ. ಮೊದಲು ಅಲ್ಲಿ ಬಟ್ಟೆ ಅಂಗಡಿ ಇತ್ತಂತೆ. ಅದರ ಯಜಮಾನ ಮಹಾ ಜಿಪುಣ, ಒಂದು ಟವೆಲ್ಲನ್ನೂ ಇನ್ನೊಬ್ಬರ ಮನೆಗೆ ಕಳಿಸಲಿಲ್ಲ. ಒಂದು ಮಧ್ಯಾಹ್ನ ಅಂಗಡಿ ಅವನ ಸಮೇತ ಒಳಗೆ ಹೋಯಿತು. ಈಗಲೂ ಮಕ್ಕಳ ಚೆಂಡು ಆ ಹೊಂಡಕ್ಕೆ ಬಿದ್ದರೆ ಯಾರೂ ತರಲು ಹೋಗುವುದಿಲ್ಲ.

ಯಾರ ಮನೆ ಇಳಿಯುತ್ತಿದೆ, ಯಾರದು ಏರುತ್ತಿದೆ ಎಂದು ನೋಡಿ ಹೇಳುವುದು ನನ್ನ ಉದ್ಯೋಗ. ಪುರಸಭೆಯ ಮಹಡಿಯ ಮೇಲೆ ನನಗೊಂದು ಕೋಣೆ, ಒಂದು ಕಂಪ್ಯೂಟರ್, ಬಣ್ಣದ ಚಿತ್ರ ಅಚ್ಚು ಹಾಕುವ ಒಂದು ಹಟಮಾರಿ ಯಂತ್ರ. ಹನ್ನೆರಡು ದಿನಕ್ಕೊಮ್ಮೆ ನಮ್ಮ ಊರಿನ ಮೇಲೆ ಒಂದು ಉಪಗ್ರಹ ಹಾದುಹೋಗುತ್ತದೆ. ಅದು ಕೆಳಗೆ ರೇಡಾರ್ ಅಲೆ ಬಿಡುತ್ತದೆ, ಅಲೆ ನಮ್ಮ ಮಾಳಿಗೆಗಳಿಗೆ ಬಡಿದು ವಾಪಸು ಹೋಗುತ್ತದೆ. ಹೋದ ಸಲದ್ದನ್ನೂ ಈ ಸಲದ್ದನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದರೆ ಯಾವ ಮನೆ ಅದಕ್ಕೆ ಹತ್ತಿರವಾಯಿತು, ಯಾವುದು ದೂರವಾಯಿತು ಎಂದು ಗೊತ್ತಾಗುತ್ತದೆ. ಜೋಳದ ಕಾಳಿನಷ್ಟು ಇಳಿದಿದ್ದರೂ ಸಾಕು, ಅದರ ಕಣ್ಣು ತಪ್ಪಿಸಲಾಗದು. ಏರಿದ್ದಕ್ಕೆ ನೀಲಿ, ಇಳಿದದ್ದಕ್ಕೆ ಕೆಂಪು, ಕದಲದ್ದಕ್ಕೆ ಬಿಳಿ. ಆ ಬಣ್ಣದ ಹಾಳೆಯನ್ನು ಬಸ್ ನಿಲ್ದಾಣದ ಗೋಡೆಗೆ ಅಂಟಿಸಿದರೆ ನನ್ನ ಕೆಲಸ ಮುಗಿಯಿತು, ಊರಿನ ಕೆಲಸ ಶುರುವಾಯಿತು.

ಊರಿನವರು ಉಪಗ್ರಹಕ್ಕೆ ‘ಮ್ಯಾಲಿನಾಕಿ’ ಎಂದು ಹೆಸರಿಟ್ಟಿದ್ದಾರೆ. ಅವಳು ಬರುವ ದಿನ ಯಾರೂ ಮಾಳಿಗೆಯ ಮೇಲಿನದನ್ನು ಅಲುಗಾಡಿಸಬಾರದು. ಮೆಣಸಿನಕಾಯಿ ಒಣಹಾಕುವಂತಿಲ್ಲ, ಹಾಸಿಗೆ ಹರವುವಂತಿಲ್ಲ, ನೀರಿನ ಟ್ಯಾಂಕು ಸರಿಸುವಂತಿಲ್ಲ. ಮಾಳಿಗೆಯ ಮುಖ ಬದಲಾದರೆ ಅವಳಿಗೆ ಹೋದ ಸಲ ನೋಡಿದ ಮನೆ ಇದೇ ಎಂದು ಗುರುತು ಸಿಗುವುದಿಲ್ಲ, ನನ್ನ ಹಾಳೆಯಲ್ಲಿ ಅಲ್ಲಿ ಬರೀ ಚುಕ್ಕಿ ಚುಕ್ಕಿ ಬರುತ್ತದೆ. ನಿಯಮ ಇರುವುದು ಮಾಳಿಗೆಗೆ ಮಾತ್ರ. ಆದರೆ ನಮ್ಮ ಊರಿನ ಗಂಡಸರು ಅದನ್ನು ತಮ್ಮ ಮೈಗೂ ಅನ್ವಯಿಸಿಕೊಂಡು ಆ ದಿನ ಕೂತಲ್ಲಿಂದ ಏಳುವುದಿಲ್ಲ. ಹೆಂಡತಿ ನೀರು ತರಲು ಹೇಳಿದರೆ, ಮ್ಯಾಲಿನಾಕಿ ನೋಡತಾಳ, ಸುಮ್ನಿರು ಎನ್ನುತ್ತಾರೆ.

ಮ್ಯಾಲಿನಾಕಿಯದು ಒಂದೇ ಒಂದು ಕೊರತೆ. ಯಾವ ಮನೆ ನಿಜವಾಗಿ ಕದಲಿತು ಎಂದು ಅವಳು ತಾನಾಗಿ ಹೇಳಲಾರಳು. ಇಂಥ ಜಾಗ ಕದಲುವುದಿಲ್ಲ ಎಂದು ನಾವೇ ಒಂದನ್ನು ಗೊತ್ತು ಮಾಡಿಕೊಡಬೇಕು, ಆಗ ಅದಕ್ಕೆ ಹೋಲಿಸಿ ಉಳಿದದ್ದನ್ನೆಲ್ಲ ಲೆಕ್ಕ ಹಾಕಬಹುದು. ಆ ಜಾಗಕ್ಕೆ ಸೊನ್ನೆ ಎನ್ನುತ್ತಾರೆ. ನಾನು ಬರುವುದಕ್ಕೂ ಮುಂಚೆ ಈ ಯಂತ್ರಗಳನ್ನು ಕೂರಿಸಲು ಬಂದ ಇಂಜಿನಿಯರು ಊರ ಹೊರಗಿನ ಕರೇಬಂಡೆಯನ್ನು ಸೊನ್ನೆ ಮಾಡೋಣ ಎಂದಿದ್ದರಂತೆ. ಊರಿನ ಸಭೆ ಸುತಾರಾಂ ಒಪ್ಪಲಿಲ್ಲ. ಬಂಡೆಯ ಹತ್ತಿರ ಯಾರೂ ಇಲ್ಲ, ಒಲೆ ಉರಿಯುವುದಿಲ್ಲ, ಅದು ಯಾರಿಗೂ ಒಂದು ತುತ್ತು ಹಾಕಿಲ್ಲ, ಅದನ್ನು ನಂಬುವುದು ಹೇಗೆ? ನಂಬುವುದಾದರೆ ಬಾಳಕ್ಕನ ಖಾನಾವಳಿಯನ್ನು ನಂಬೋಣ. ಇಂಜಿನಿಯರೂ ಬಂದ ದಿನದಿಂದ ಅಲ್ಲೇ ಉಣ್ಣುತ್ತಿದ್ದರು. ಕೈ ಇನ್ನೂ ಬಾಳಕ್ಕನ ಸಾರಿನಲ್ಲಿದ್ದಾಗ ಬೇಡ ಎನ್ನಲು ಅವರಿಗೆ ಬಾಯಿ ಬರಲಿಲ್ಲ. ಅವಳ ಮಾಳಿಗೆಯ ಮೇಲೆ ಮೂರು ಮೂಲೆಯ ಕಬ್ಬಿಣದ ತಗಡು ನಿಂತಿತು, ಖಾನಾವಳಿಗೆ ‘ಸೊನ್ನೆ ಮನೆ’ ಎಂಬ ಹೆಸರು ಬಂತು. ನನ್ನ ಹಾಳೆಗಳಲ್ಲಿ ಆ ಒಂದು ಮನೆ ಯಾವತ್ತೂ ಬೆಳ್ಳಗೆ.

ಬಾಳಕ್ಕನ ಬಗ್ಗೆ ಹೇಳುವಾಗ ನನಗೆ ಸಮತೂಕ ಇರುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ನಾನು ಈ ಊರಿಗೆ ಒಂದು ಚೀಲ ಹಿಡಿದು ಬಂದಿಳಿದಾಗ ಒಂಟಿ ಹೆಂಗಸಿಗೆ ಯಾರೂ ಬಾಡಿಗೆಗೆ ಮನೆ ಕೊಡಲಿಲ್ಲ. ಮೂರು ಓಣಿ ಸುತ್ತಿ ಸೋತು ಖಾನಾವಳಿಯ ಕಟ್ಟೆಯ ಮೇಲೆ ಕೂತಿದ್ದೆ. ಒಳಗಿನಿಂದ ಎತ್ತರದ, ಅಗಲ ಮೈಯ, ತೋಳಿನ ತನಕ ಹಿಟ್ಟು ಮೆತ್ತಿಕೊಂಡ ಹೆಂಗಸು ಬಂದು ನೋಡಿದಳು. ನನ್ನ ಹೆಸರು ಪ್ರಮೀಳಾ, ಪುರಸಭೆಗೆ ಕೆಲಸಕ್ಕೆ ಬಂದಿದ್ದೇನೆ ಎಂದು ಶುರು ಮಾಡಿದೆ. “ಹೆಸರು ಎಲ್ಲಿ ಓಡಿ ಹೋಗ್ತೈತಿ ತಂಗಿ, ಮೊದಲು ಉಣ್ಣು” ಎಂದಳು. ಉಂಡೆ. ಆಮೇಲೆ ಅವಳ ಅಟ್ಟದ ಮೇಲೆ ಚಳಿಗಾಲ ಪೂರ್ತಿ ಕಳೆದೆ. ನನ್ನ ಹೆತ್ತವರು ನನಗೆ ಏನೂ ಕಡಿಮೆ ಮಾಡಿಲ್ಲ, ಆದರೆ ಗುರುತು ಪರಿಚಯ ಇಲ್ಲದವಳಿಗೆ ಬಿಸಿ ರೊಟ್ಟಿ ಹಾಕಿ, ಅದು ಆರುವ ಮುಂಚೆ ಇನ್ನೊಂದು ಹಾಕುವವರನ್ನು ನಾನು ಅಲ್ಲಿಯ ತನಕ ಕಂಡಿರಲಿಲ್ಲ.

ಅವಳೂ ಈ ಊರಿಗೆ ಹಾಗೆಯೇ ಬಂದವಳು. ಹರೆಯದಲ್ಲಿ ಗಂಡನ ಮನೆ ಇಳಿದುಹೋಗಿ, ಗಂಡನೂ ಹೋಗಿ, ಉಟ್ಟ ಸೀರೆಯಲ್ಲಿ ಹೊರಬಿದ್ದಿದ್ದಳು. ಯಾರೋ ಒಲೆ ಕೊಟ್ಟರು, ಯಾರೋ ರೊಟ್ಟಿ ಸುಡುವ ಹಂಚು ಕೊಟ್ಟರು, ಇನ್ನಾರೋ ಖಾಲಿ ಬಿದ್ದ ಮನೆ ತೋರಿಸಿದರು. ಅಂದಿನಿಂದ ಅವಳು ಊರಿಗೆ ಬಡಿಸುತ್ತ ಬಂದಿದ್ದಾಳೆ. ಅವಳು ಕೂತು ಉಂಡದ್ದನ್ನು ನೋಡಿದವರು ಯಾರೂ ಇಲ್ಲ. ಊಟ ಆಯಿತಾ ಎಂದು ಕೇಳಿದರೆ, ಆಮ್ಯಾಲ ಉಣ್ತೀನಿ ಎನ್ನುತ್ತಿದ್ದಳು. ಆ ‘ಆಮ್ಯಾಲ’ ಯಾವಾಗ ಬರುತ್ತಿತ್ತೋ ದೇವರೇ ಬಲ್ಲ.

ಅವಳ ಮನೆ ಕದಲುವುದಿಲ್ಲ ಎಂದ ಮೇಲೆ ಊರಿನವರು ಸುಮ್ಮನಿರುತ್ತಾರೆಯೇ? ಎತ್ತಲಾಗದ ಸಾಮಾನನ್ನೆಲ್ಲ ಅಲ್ಲಿಗೇ ತಂದು ಇಟ್ಟರು. ಒಳಕಲ್ಲು, ಬೀಸುವ ಕಲ್ಲು, ಕಬ್ಬಿಣದ ಟ್ರಂಕು, ನಾಲ್ಕು ಹೊಲಿಗೆ ಯಂತ್ರ, ದಿನಸಿ ಅಂಗಡಿಯ ತಕ್ಕಡಿ ಮತ್ತು ಅದರ ತೂಕದ ಕಲ್ಲುಗಳು, ಬೀಗದ ಕೈ ಕಳೆದುಹೋದ ಒಂದು ತಿಜೋರಿ. ಮನೆ ಮೇಲೆ ಬಂದ ನಂತರ ಹಗುರವಾದ ಸಾಮಾನನ್ನು ವಾಪಸು ಒಯ್ಯಲು ಓಡೋಡಿ ಬರುವವರು, ಭಾರದ್ದನ್ನು ಮಾತ್ರ ‘ಇರಲಿ ಬಿಡು, ಅಲ್ಲಿ ಭದ್ರ ಇರ್ತೈತಿ’ ಎಂದು ಮರೆತುಬಿಡುತ್ತಿದ್ದರು. ಖಾನಾವಳಿಯಲ್ಲಿ ಮೇಜೇ ಇರಲಿಲ್ಲ, ನಾವೆಲ್ಲ ಯಾರ್ಯಾರದೋ ಟ್ರಂಕಿನ ಮೇಲೆ ತಟ್ಟೆ ಇಟ್ಟುಕೊಂಡು ಉಣ್ಣುತ್ತಿದ್ದೆವು.

ನಾನು ಹೇಳಹೊರಟ ಸಂಗತಿ ನಡೆದ ವರ್ಷ ಹಾಳೆಗಳು ನೀಲಿಯಾಗತೊಡಗಿದವು. ಮೊದಲ ಸಲ ಊರೆಲ್ಲ ತಿಳಿನೀಲಿ. ಮುಂದಿನ ಸಲ ಇನ್ನಷ್ಟು ಗಾಢ. ಒಂದು ಮನೆಯೂ ಕೆಂಪಿಲ್ಲ. ಇಡೀ ಊರು ಒಟ್ಟಿಗೆ ಏರಿದ್ದನ್ನು ಹಿರಿಯರು ಕೂಡ ಕಂಡಿರಲಿಲ್ಲ. ಬಸ್ ನಿಲ್ದಾಣದಲ್ಲಿ ಜಿಲೇಬಿ ಹಂಚಿದರು. ಪುರಸಭೆಯ ಅಧ್ಯಕ್ಷರಾದ ರಾಚಯ್ಯನವರು ತಮ್ಮ ದೊಡ್ಡದೊಂದು ಫೋಟೋ ಹಾಕಿಸಿ, ‘ಊರನ್ನು ಮೇಲೆತ್ತಿದ ನಾಯಕರಿಗೆ ಅಭಿನಂದನೆಗಳು’ ಎಂದು ಫ್ಲೆಕ್ಸ್ ಕಟ್ಟಿಸಿದರು. ಅಭಿನಂದಿಸಿದವರ ಹೆಸರು ಮಾತ್ರ ಅದರಲ್ಲಿ ಇರಲಿಲ್ಲ. ಏರಿದವರು ಹೊರಬೇಕಲ್ಲ, ಹಾಗಾಗಿ ಜನ ಓಣಿ ಓಣಿ ತಿರುಗಿ ಯಾರದಾದರೂ ಇಳಿದಿದೆಯೇ ಎಂದು ವಿಚಾರಿಸಿದರು. ಯಾರದೂ ಇಳಿದಿರಲಿಲ್ಲ. ಎಲ್ಲರೂ ಕೈಬೀಸಿಕೊಂಡು ಮನೆಗೆ ಹೋದರು. ನಾನೂ ಜಿಲೇಬಿ ತಿಂದೆ, ಎರಡು.

ಆ ದಿನಗಳಲ್ಲಿ ಖಾನಾವಳಿಯ ಸಾರು ತಟ್ಟೆಯಲ್ಲಿ ನೆಟ್ಟಗೆ ನಿಲ್ಲುತ್ತಿರಲಿಲ್ಲ, ಒಲೆಯ ಕಡೆಗೆ ಸರಿದು ಕೂರುತ್ತಿತ್ತು. ಕೈಜಾರಿದ ಲಿಂಬೆಹಣ್ಣು ಸೀದಾ ಅಡುಗೆಮನೆಗೆ ಉರುಳುತ್ತಿತ್ತು. “ಲಿಂಬಿಹಣ್ಣಿಗೂ ಗೊತ್ತೈತಿ ನೋಡ್ರಿ, ಎಲ್ಲಿಗೆ ಹೋಗಬೇಕಂತ” ಎಂದು ಬಾಳಕ್ಕ ನಗುತ್ತಿದ್ದಳು, ನಾವೂ ನಗುತ್ತಿದ್ದೆವು. ನಾನು ಬಂದ ಹೊಸದರಲ್ಲಿ ಮೆಟ್ಟಿಲು ಹತ್ತಿ ಒಳಗೆ ಹೋಗುತ್ತಿದ್ದ ನೆನಪು. ಈಗ ರಸ್ತೆಯಿಂದ ನೇರ ಹೊಸ್ತಿಲು. ಅದನ್ನು ಕೇಳಿದರೆ ಅವಳು, “ಮುನ್ಸಿಪಾಲ್ಟಿಯೋರು ಡಾಂಬರ ಮ್ಯಾಲ ಡಾಂಬರ ಹಾಕಿ ರಸ್ತಾ ಏರಿಸ್ಯಾರ” ಎಂದಳು. ಪುರಸಭೆಯನ್ನು ಬೈದರೆ ನಮ್ಮಲ್ಲಿ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ನಾನು ಅದೇ ಪುರಸಭೆಯವಳು, ನಾನೂ ಕೇಳಲಿಲ್ಲ.

ಒಂದು ದಿನ ಅಚ್ಚಿನ ಕಾಗದ ಮುಗಿಯುತ್ತ ಬಂದಿತ್ತೆಂದು, ಹೊಸದನ್ನು ತರಲು ಪಕ್ಕದ ಪಟ್ಟಣಕ್ಕೆ ಹೊರಟು ಬಸ್ಸಿನಲ್ಲಿ ಕಿಟಕಿಯ ಹತ್ತಿರ ಕೂತಿದ್ದೆ. ಪಕ್ಕದಲ್ಲೇ ಇನ್ನೊಂದು ಬಸ್ಸು ನಿಂತಿತ್ತು. ನೋಡನೋಡುತ್ತ ಅದು ಮುಂದೆ ಹೊರಟಿತು. ಅಬ್ಬಾ, ಆ ಬಸ್ಸಿನವರು ಪುಣ್ಯವಂತರು, ನಮ್ಮದು ಯಾವಾಗ ಬಿಡುತ್ತದೋ ಎಂದುಕೊಂಡೆ. ಅಷ್ಟರಲ್ಲಿ ಅದರ ಆಚೆಗಿನ ಚಹಾ ಅಂಗಡಿಯೂ ಮುಂದೆ ಹೊರಟಿತು. ಚಹಾ ಅಂಗಡಿ ಎಲ್ಲಿಗೆ ಹೋಗುತ್ತದೆ? ನಮ್ಮ ಬಸ್ಸೇ ರಿವರ್ಸ್ ಹೋಗುತ್ತಿತ್ತು. ನಗು ಬಂತು. ಆ ನಗು ಅರ್ಧಕ್ಕೇ ನಿಂತಿತು. ಹೋಲ್ಡಾನ್ ಎಂದು ಕೂಗಿ ಇಳಿದೆ. ಕಂಡಕ್ಟರ್ ಬೈದದ್ದು ಪುರಸಭೆಯ ಮೆಟ್ಟಿಲು ಹತ್ತುವ ತನಕ ಕಿವಿಯಲ್ಲಿತ್ತು.

ಕಂಪ್ಯೂಟರಿನಲ್ಲಿ ಹಳೆಯ ದತ್ತಾಂಶವನ್ನೆಲ್ಲ ತೆಗೆದು, ಸೊನ್ನೆಯನ್ನು ಬಾಳಕ್ಕನ ಮಾಳಿಗೆಯಿಂದ ಎತ್ತಿ ಕರೇಬಂಡೆಯ ಮೇಲಿಟ್ಟೆ. ಲೆಕ್ಕ ಮುಗಿಯುವ ತನಕ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಚಿತ್ರ ಮೂಡಿತು. ಊರಿನ ನೀಲಿಯೆಲ್ಲ ತೊಳೆದಂತೆ ಹೋಗಿತ್ತು. ಗಿರಣಿ ಓಣಿ ಬಿಳಿ, ಸಂತೆ ಮೈದಾನ ಬಿಳಿ, ರಾಚಯ್ಯನವರ ಮನೆ ಬಿಳಿ. ನಟ್ಟನಡುವೆ ಒಂದೇ ಒಂದು ಮನೆ ಕುಂಕುಮದಷ್ಟು ಕೆಂಪಗಿತ್ತು. ಊರು ಏರಿರಲಿಲ್ಲ. ನಾವು ಯಾರನ್ನು ಹಿಡಿದು ಅಳೆಯುತ್ತಿದ್ದೆವೋ ಅವಳು ಇಳಿಯುತ್ತಿದ್ದಳು. ಅದೂ ಪ್ರತಿ ಸಲಕ್ಕೂ ಮೊದಲಿಗಿಂತ ಬೇಗ. ಹೊಂಡದೊಳಗೆ ಹೋದ ಬಟ್ಟೆ ಅಂಗಡಿಯದೂ ಕೊನೆಕೊನೆಗೆ ಇದೇ ನಡೆ ಎಂದು ಊರಿನವರು ಹೇಳಿದ್ದು ನೆನಪಾಯಿತು.

ಓಡಿದೆ. ಮಧ್ಯಾಹ್ನದ ಪಂಕ್ತಿ ಎದ್ದು ಬಾಳಕ್ಕ ತಟ್ಟೆ ತೊಳೆಯುತ್ತಿದ್ದಳು. ನಾನು ಏದುಸಿರಿನಲ್ಲಿ ಹೇಳಿದ್ದನ್ನು ಕೇಳಿ ಅವಳು ಬೆಚ್ಚಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು, “ಕುಂಡ್ರು” ಎಂದಳು.

“ನಿನಗ ಗೊತ್ತಿತ್ತೇನಕ್ಕ?”

“ನನ್ನ ಮನಿ, ನನಗ ಗೊತ್ತಾಗೂದಿಲ್ಲೇನ? ಹೊಸ್ತಿಲಕ್ಕ ಎರಡ ಸಲ ಹಾಸಗಲ್ಲು ಹಾಕೀನಿ. ಒಲಿ ತಳಕ್ಕೂ ಇಟ್ಟಂಗಿ ಇಟ್ಟೀನಿ.”

“ಹೇಳಬಾರದಿತ್ತೇನ?”

“ಊರೆಲ್ಲ ಏರೇದಂತ ಜಿಲೇಬಿ ತಿನ್ನಾಕತ್ತಿತ್ತು ತಂಗಿ. ಅಂಥಾದ್ರಾಗ ನಾ ಹೋಗಿ, ನೀವು ಏರಿಲ್ರೆಪಾ, ನಾ ಇಳದೀನಿ ಅಂತ ಹ್ಯಾಂಗ ಹೇಳ್ಲಿ?” ತೊಳೆದ ತಟ್ಟೆಗಳನ್ನು ಜೋಡಿಸಿಟ್ಟಳು. “ಹಗುರ ಮಾಡೂದಂದ್ರ ಮೊದಲು ಒಲಿ ಆರಿಸಬೇಕು. ಈ ಒಲಿ ಆರಿದ್ರ ನಾ ಯಾರು? ನನಗ ಬ್ಯಾರೆ ಏನ ಬರ್ತೈತಿ ಹೇಳು.”

ನನಗೆ ಸಿಟ್ಟು ಬಂತು, ಅಳುವೂ ಬಂತು. ನೀನಿಲ್ಲದೆ ಹೋದರೆ ನಾನು ಯಾರು, ಅದನ್ನು ಹೇಳು ಎಂದು ಕೂಗಿದೆ. ಅವಳ ಎದುರು ಧ್ವನಿ ಎತ್ತಿದ್ದು ಅದೇ ಮೊದಲು. ಅವಳು ಒಂದು ಲೋಟ ಮಜ್ಜಿಗೆ ತಂದು ಮುಂದಿಟ್ಟಳು. ಮಜ್ಜಿಗೆ ಲೋಟದಲ್ಲಿ ಓರೆಯಾಗಿ ನಿಂತಿತ್ತು.

ಹೊಸ ಹಾಳೆ ಹಿಡಿದು ರಾಚಯ್ಯನವರ ಹತ್ತಿರ ಹೋದೆ. ಅವರು ಕೆಟ್ಟವರಲ್ಲ, ಫೋಟೋದ ಹುಚ್ಚು ಬಿಟ್ಟರೆ. ಹಾಳೆ ನೋಡಿ ಅವರ ಮುಖದ ಬಣ್ಣ ಇಳಿಯಿತು. “ಮೇಡಂ, ಇದನ್ನ ಈಗ ಹಚ್ಚಬ್ಯಾಡ್ರಿ” ಎಂದರು. “ಹಳೀ ಹಾಳಿ ಹಂಗ ಇರ್ಲಿ. ಊರೆಲ್ಲ ನೀಲಿ ಐತಿ, ಏರಿದವರು ಹೊರಬೇಕು, ಬರ್ರಿ ಅಂತ ಕರ್ಯೋಣು, ಬರ್ತಾರ. ಇದನ್ನ ಹಚ್ಚಿದ್ರ ಯಾರೂ ಏರಿಲ್ಲ ಅಂತ ಆತು. ಏರದವ್ರು ಯಾಕ ಹೊರ್ತಾರ್ರೀ? ನಮ್ಮ ರೂಢಿಯೊಳಗ ಹಂಗೆಲ್ಲೂ ಇಲ್ಲ. ಬಾಳಕ್ಕನ ಜೀವದ ಪ್ರಶ್ನೆ.”

ಅವರ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ನಮ್ಮ ಊರಿನಲ್ಲಿ ಇಡೀ ಬದುಕು ನಿಂತಿರುವುದು ಆ ಒಂದು ರೂಢಿಯ ಮೇಲೆ. ಎಲ್ಲರೂ ಬಿಳಿ ಇದ್ದಾಗ ಒಬ್ಬರು ಕೆಂಪಾದದ್ದು ಹಿಂದೆಂದೂ ಆಗಿರಲಿಲ್ಲ. ಆದರೆ ಸುಳ್ಳು ಹಾಳೆಯನ್ನು ತೋರಿಸಿ ಜನರನ್ನು ಕರೆಯಲು ನನಗೆ ಮನಸ್ಸು ಬರಲಿಲ್ಲ. ಅಷ್ಟು ವರ್ಷ ಅವಳ ಕೈಯಿಂದ ಉಂಡವರಿಗೆ ಅವಳ ಸ್ಥಿತಿ ಏನೆಂದು ಇದ್ದದ್ದು ಇದ್ದ ಹಾಗೆ ತಿಳಿಯಬೇಕು ಅನಿಸಿತು. ಬಸ್ ನಿಲ್ದಾಣಕ್ಕೆ ಹೋಗಿ ನೀಲಿ ಹಾಳೆಯನ್ನು ಹರಿದೆ, ಬಿಳಿ ಹಾಳೆಯನ್ನು ಅಂಟಿಸಿದೆ. ರಾಚಯ್ಯನವರು ಹಿಂದೆಯೇ ಬಂದು, ದೇವರೇ ಎಂದು ಹಣೆಗೆ ಕೈ ಹಚ್ಚಿಕೊಂಡು ನಿಂತರು.

ಜನ ಸೇರಿತು. ಮೊದಲು ಯಾರಿಗೂ ಅರ್ಥವಾಗಲಿಲ್ಲ. ಬಸ್ಸಿನ ಸಂಗತಿ ಹೇಳಿದೆ, ಆಗ ಅರ್ಥವಾಯಿತು. ಎಲ್ಲರೂ ಮೊದಲು ತಂತಮ್ಮ ಮನೆ ಹುಡುಕಿದರು, ಬಿಳಿ. ಆಮೇಲೆ ನಡುವಿನ ಕೆಂಪು ಕಂಡರು. “ಹಂಗಾದ್ರ ಏರಿದವರು ಯಾರೂ ಇಲ್ಲ” ಎಂದು ಯಾರೋ ಹಿಂದಿನಿಂದ ಅಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಹಾಳೆಯಲ್ಲಿ ಇದ್ದದ್ದನ್ನು ಓದಿದಂತೆ ಅಂದರು. ಯಾರೂ ಕದಲಲಿಲ್ಲ. ರಾಚಯ್ಯನವರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

ದಸ್ತಗೀರ ಚಾಚಾ ಎಂದು ನಮ್ಮ ಊರಿನಲ್ಲಿ ಒಬ್ಬರಿದ್ದಾರೆ. ಹಗುರ ಮಾಡುವಾಗ ಮೊದಲು ಹೋಗುವುದು ಅವರ ಬಂಡಿ, ಕೊನೆಗೆ ಬರುವುದೂ ಅವರ ಬಂಡಿ. ಅವರು ಹಾಳೆಯನ್ನು ಬಗ್ಗಿ ನೋಡಿ, ಬೀಡಿಯನ್ನು ಹೊಸಕಿ ಹಾಕಿ, “ಹೊರೂದು ಏರಿದವ್ರ ಕೆಲಸ ಅಂತೀರಿ, ಖರೆ” ಎಂದರು. “ಹಂಗಾದ್ರ ಉಂಡವ್ರ ಕೆಲಸ ಏನ್ರೆಪಾ? ನನಗ ಸಕ್ಕರಿ ಬ್ಯಾನಿ ಬಂದಾಗಿಂದ ಆ ತಾಯಿ ನನಗಂತ ಬ್ಯಾರೆ ಪಲ್ಯ ಮಾಡಿ ಇಡತಾಳ. ನಾ ಯಾವ ಬಣ್ಣ ಅದೀನಿ ಅಂತ ಒಂದ ದಿನಾ ಕೇಳಿಲ್ಲ.” ಇಷ್ಟು ಹೇಳಿ ಅವರು ಎತ್ತು ಹೂಡಲು ಹೋದರು.

ಮತ್ತೆ ಯಾರೂ ಭಾಷಣ ಮಾಡಲಿಲ್ಲ. ಒಬ್ಬರು ಹೊರಟರು, ಇಬ್ಬರು ಹೊರಟರು, ಆಮೇಲೆ ಬಸ್ ನಿಲ್ದಾಣದಲ್ಲಿ ಬಸ್ಸಿಗೆಂದು ಬಂದವರೂ ಉಳಿಯಲಿಲ್ಲ. ನನಗೆ ಬೈದಿದ್ದ ಆ ಕಂಡಕ್ಟರೂ ಟಿಕೀಟಿನ ಚೀಲ ಹೆಗಲಿಗೆ ಹಾಕಿಕೊಂಡು ಬಂದ.

ಬಾಳಕ್ಕ ಹೊಸ್ತಿಲಲ್ಲಿ ನಿಂತಿದ್ದಳು. ಹಗುರ ಮಾಡುವುದಕ್ಕೆ ಒಂದು ಕಟ್ಟಳೆ ಇದೆ. ಮನೆಯ ಒಡೆಯರು ತಮ್ಮ ಸ್ವಂತದ ವಸ್ತು ಒಂದನ್ನು ತಮ್ಮ ಕೈಯಾರೆ ಮೊದಲು ಕೊಡಬೇಕು. ಅದು ಕೈಸೇರುವ ತನಕ ಯಾರೂ ಹೊಸ್ತಿಲು ದಾಟುವಂತಿಲ್ಲ. ಇಲ್ಲದಿದ್ದರೆ ಹಗುರ ಮಾಡುವುದಕ್ಕೂ ಲೂಟಿ ಮಾಡುವುದಕ್ಕೂ ವ್ಯತ್ಯಾಸ ಏನುಳಿಯಿತು? ಓಣಿ ತುಂಬ ನಿಂತ ಜನರನ್ನು ನೋಡಿ ಅವಳ ಕಣ್ಣು ತುಂಬಿತು. ಹಟ ಕರಗಿತೆಂದು ನನಗೆ ಗೊತ್ತಾಯಿತು. “ಇರ್ರಿ, ಏನರೆ ತರ್ತೀನಿ” ಎಂದು ಒಳಗೆ ಹೋದಳು.

ಹಿತ್ತಾಳೆಯ ಕೊಡ ಹಿಡಿದು ಬಂದಳು. “ಬಾಳಕ್ಕ, ಅದು ನಮ್ಮದೈತಿ” ಎಂದಳು ಮಾನಪ್ಪನ ಹೆಂಡತಿ, ನಾಚಿಕೊಂಡೇ. ಕೊಡ ಇಟ್ಟು ಹೋಗಿ ಕಟ್ಟಿಗೆಯ ಮಣೆ ತಂದಳು. ಅದು ಬಡಿಗೇರ ಓಣಿಯದು. ಹಂಚು ತಂದಳು, ಅದು ರಾಚಯ್ಯನವರ ತಾಯಿ ಕೊಟ್ಟದ್ದೆಂದು ಅವಳಿಗೇ ನೆನಪಾಯಿತು. ಕಂಬಳಿ ಒಬ್ಬರದು, ಕನ್ನಡಿ ಒಬ್ಬರದು, ಉಟ್ಟ ಸೀರೆ ಕೂಡ ನೇಕಾರರ ಮನೆಯವರು ಉಡಿಸಿದ್ದು. ಉಟ್ಟ ಬಟ್ಟೆಯಲ್ಲಿ ಬಂದವಳು ಇಷ್ಟು ವರ್ಷವಾದರೂ ತನಗೆಂದು ಒಂದು ಚಮಚ ಕೊಂಡುಕೊಂಡಿರಲಿಲ್ಲ. ಅವಳು ಬರಿಗೈಯಲ್ಲಿ ಹೊಸ್ತಿಲಿಗೆ ಬಂದು ನಿಂತು, ತಪ್ಪು ಮಾಡಿದವಳ ಹಾಗೆ, “ನಂದು ಅಂತ ಏನೂ ಇಲ್ರೆಪಾ” ಎಂದಳು. ಅದೇ ಹೊತ್ತಿಗೆ ಒಳಗಿನಿಂದ ತೊಲೆ ಕಿರುಗುಟ್ಟಿತು, ಮಾಳಿಗೆಯಿಂದ ಮಣ್ಣು ಉದುರಿತು. ಬಾಗಿಲ ಮೇಲಿನ ಗೋಡೆಯಲ್ಲಿ ಬೆರಳು ತೂರುವಷ್ಟು ಬಿರುಕು ಬಾಯಿ ತೆರೆಯಿತು. ಹೊರಗೆ ಬಾ ಎಂದು ನಾವೆಲ್ಲ ಒಟ್ಟಿಗೆ ಕಿರುಚಿದೆವು. ಅವಳು ಹೊರಗೆ ಬರಲಿಲ್ಲ, ತಿರುಗಿ ಒಳಗೆ ಹೋದಳು.

ಆಮೇಲೆ ಕೇಳಿದ ಸದ್ದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಪಟ್ ಪಟ್ ಪಟ್ ಎಂದು ರೊಟ್ಟಿ ಬಡಿಯುವ ಸದ್ದು. ಮನೆ ಬೀಳುವ ಹಾಗಿದೆ, ಇವಳು ರೊಟ್ಟಿ ಬಡಿಯುತ್ತಾಳೆ! ದಸ್ತಗೀರ ಚಾಚಾ ಎತ್ತಿನ ಹಗ್ಗ ಹಿಡಿದುಕೊಂಡು ಕಣ್ಣು ಮುಚ್ಚಿದ್ದರು. ರಾಚಯ್ಯನವರು ಹೊಸ್ತಿಲ ಮೇಲೆ ಕಾಲಿಡಲು ಹೋಗಿ ಹಿಂದೆ ತೆಗೆದರು, ಮತ್ತೆ ಇಡಲು ಹೋದರು. ಜೋಳದ ರೊಟ್ಟಿ ಬೇಯುವ ವಾಸನೆ ಓಣಿಗೆ ಬಂತು. ಬಾಳಕ್ಕ ಅಂಗೈ ಮೇಲೆ ಉಬ್ಬಿದ ರೊಟ್ಟಿ ಹಿಡಿದು ಬಂದಳು, ತಲೆಯ ತುಂಬ ಮಾಳಿಗೆಯ ಮಣ್ಣು.

“ಹಿಟ್ಟು ಗಿರಣಿ ಓಣ್ಯಾಗಿಂದು, ಹಂಚು ರಾಚಯ್ಯನೋರದು, ನೀರು ಊರ ಬಾವೀದು” ಎಂದಳು. “ಬಡದ ಕೈ ನಂದು. ಇದು ನಡೀತೈತೇನ ನೋಡ್ರಿ.”

ದಸ್ತಗೀರ ಚಾಚಾ ಮುಂದೆ ಬಂದು ಎರಡೂ ಕೈಯಲ್ಲಿ ರೊಟ್ಟಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. “ನಡೀತೈತಿ ತಾಯಿ” ಎಂದರು.

ಜನ ನುಗ್ಗಿತು. ಅಷ್ಟು ಬೇಗ, ಅಷ್ಟು ಸದ್ದಿಲ್ಲದೆ ನಮ್ಮ ಊರು ಯಾವ ಕೆಲಸವನ್ನೂ ಮಾಡಿದ್ದನ್ನು ನಾನು ಕಂಡಿಲ್ಲ. ಟ್ರಂಕುಗಳು ಹೊರಬಂದವು, ಒಳಕಲ್ಲುಗಳು ಹೊರಬಂದವು. ತಿಜೋರಿಗೆ ಹೆಗಲು ಕೊಟ್ಟವರಲ್ಲಿ ರಾಚಯ್ಯನವರೂ ಇದ್ದರು, ಅವರ ಬಿಳಿ ಅಂಗಿ ಬೆನ್ನಿನ ಮೇಲೆ ಹರಿಯಿತು. ಹಿಟ್ಟಿನ ಚೀಲಕ್ಕೆ ಧೂಳು ಬೀಳಬಾರದೆಂದು ಯಾರೋ ಅವರ ಫ್ಲೆಕ್ಸನ್ನೇ ಬಿಚ್ಚಿ ತಂದು ಹೊದಿಸಿದರು. ಬಂಡಿಯ ಮೇಲೆ ಊರನ್ನು ಮೇಲೆತ್ತಿದ ನಾಯಕರ ಮುಖ ಹಿಟ್ಟಿನ ಚೀಲಗಳ ಮೇಲೆ ಉಬ್ಬಿಕೊಂಡು ಹೋಯಿತು. ಅವರೇ ಅದನ್ನು ನೋಡಿ ನಕ್ಕರು. ತಾನು ಹೊತ್ತದ್ದು ಯಾರ ಸಾಮಾನೆಂದು ಯಾರೂ ನೋಡಲಿಲ್ಲ, ಸಿಕ್ಕಿದ್ದನ್ನು ಎತ್ತಿಕೊಂಡು ತಂತಮ್ಮ ಮನೆಗೆ ನಡೆದರು. ಕೊನೆಗೆ ಒಲೆಯ ಕೆಂಡವನ್ನು ಹಂಚಿಕೊಂಡರು, ಆರದಂತೆ ಬೂದಿ ಮುಚ್ಚಿ, ಓಣಿಗೊಂದು ಪಾಲು. ಬಾಳಕ್ಕ ಅದನ್ನು ನೋಡುತ್ತ ನಿಂತಿದ್ದಳು. ಖಾಲಿಯಾದ ಮನೆಯೊಳಗೆ ತೊಲೆ ಇನ್ನೊಮ್ಮೆ ಕಿರುಗುಟ್ಟಿ ಸುಮ್ಮನಾಯಿತು.

ಮನೆಯ ಭಾರ ಎಂದರೆ ಮನುಷ್ಯರೂ ಸೇರಿಯೇ. ಬಾಳಕ್ಕ ಬೇರೆ ಕಡೆ ಇರಬೇಕಾಯಿತು. ನಮ್ಮ ಮನೆಗೆ, ನಮ್ಮ ಮನೆಗೆ ಎಂದು ಜಗಳವೇ ಆಯಿತು. “ಈಕಿ ನನ್ನ ಅಟ್ಟದ ಮ್ಯಾಲ ಇದ್ಲಲ್ಲ, ಈಗ ನಾ ಈಕಿ ಮನೀಗೆ ಹೋಗ್ತೀನಿ” ಎಂದು ಬಾಳಕ್ಕ ನನ್ನ ಕೈ ಹಿಡಿದಳು. ನನ್ನ ಕೋಣೆಯಲ್ಲಿ ಇಬ್ಬರು ಮಲಗಿದರೆ ಮೂರನೆಯವರು ಬಾಗಿಲು ತೆರೆಯಲಾಗದು. ಆದರೂ ಆ ಹೊತ್ತು ನನಗೆ ಸಿಕ್ಕ ಸಂತೋಷ ಇನ್ನಾವುದರಲ್ಲೂ ಸಿಕ್ಕಿಲ್ಲ.

ಸಂತೋಷದ ಜೊತೆ ಪೇಚಾಟವೂ ಬಂತು. ಅವಳಿಗೆ ಕೂತು ಉಣ್ಣಲು ಬರುತ್ತಿರಲಿಲ್ಲ. ನಾನು ಅಡುಗೆ ಮಾಡಿ ತಟ್ಟೆ ಹಾಕಿದರೆ, ಆ ತಟ್ಟೆಯನ್ನು ನನ್ನ ಕಡೆಗೇ ಸರಿಸಿ ಬಡಿಸಲು ನಿಲ್ಲುತ್ತಿದ್ದಳು. ಊರಿನವರು ಡಬ್ಬಿ ತಂದರೆ ಅದನ್ನು ತೆರೆದು ತಂದವರಿಗೇ ಬಡಿಸುತ್ತಿದ್ದಳು. ನಿಂದು ಊಟ ಎಂದರೆ ಅದೇ ಮಾತು, ಆಮ್ಯಾಲ. ನಾನು ನೀರು ತರಲು ಹೋದಾಗ ಮೂಲೆಯಲ್ಲಿ ನಿಂತುಕೊಂಡು ಎರಡು ತುತ್ತು ನುಂಗುತ್ತಿದ್ದಳು, ಕಳ್ಳಿಯ ಹಾಗೆ. ರಾತ್ರಿ ಮಗ್ಗುಲಾಗುವಾಗ ಮಾತ್ರ, ಊರಿಗೆ ನಾ ಭಾರಾದೆ ಎಂದು ನಿಟ್ಟುಸಿರು ಬಿಡುತ್ತಿದ್ದಳು.

ಮ್ಯಾಲಿನಾಕಿ ಬಂದು ಹೋದಳು. ಕರೇಬಂಡೆಯಿಂದ ಅಳೆದ ಹೊಸ ಹಾಳೆ ಯಂತ್ರದಿಂದ ಹೊರಬರುವಾಗ ಪುರಸಭೆಯ ನನ್ನ ಕೋಣೆಯ ಬಾಗಿಲಲ್ಲಿ ಅರ್ಧ ಊರು ನಿಂತಿತ್ತು. ತಮ್ಮ ಮನೆ ಯಾವ ಬಣ್ಣ ಎಂದು ಆವತ್ತು ಒಬ್ಬರೂ ಕೇಳಲಿಲ್ಲ. ಹಾಳೆಯ ನಡುವೆ ಖಾನಾವಳಿ ಇದ್ದ ಜಾಗ ಬಿಳಿ. ಎಷ್ಟು ಸಲ ನೋಡಿದರೂ ಬಿಳಿ. ಒಂದು ಅಂಚಿನಲ್ಲಿ ನೀಲಿಯ ಛಾಯೆ ಇದೆ ಎಂದು ದಸ್ತಗೀರ ಚಾಚಾ ಹಟ ಹಿಡಿದರು. ಅವರ ಕಣ್ಣಿಗೆ ಪೊರೆ ಬಂದಿದೆ, ಆದರೂ ನಾನು ಹೌದು ಎಂದೆ.

ಮನೆಗೆ ಓಡಿ ಬಂದು, “ನಿಂತೈತಿ ಅಕ್ಕ, ಮನಿ ನಿಂತೈತಿ” ಎಂದೆ. ಬಾಳಕ್ಕ ಕಿಟಕಿಯ ಹತ್ತಿರ ಹೋಗಿ ಬಹಳ ಹೊತ್ತು ಹೊರಗೆ ನೋಡಿದಳು. ಅಲ್ಲಿಂದ ಖಾನಾವಳಿ ಕಾಣುವುದಿಲ್ಲ, ಊರ ಮಾಳಿಗೆಗಳು ಕಾಣುತ್ತವೆ. ಮ್ಯಾಲಿನಾಕಿ ಹೋದ ಮರುದಿನವಾದ್ದರಿಂದ ಎಲ್ಲ ಮಾಳಿಗೆಯ ಮೇಲೂ ಮೆಣಸಿನಕಾಯಿ ಕೆಂಪಗೆ ಹರಡಿತ್ತು. ನಾನು ಅಷ್ಟರಲ್ಲಿ ಎರಡು ರೊಟ್ಟಿ ಬಡಿದೆ. ನನ್ನ ರೊಟ್ಟಿ ಯಾವುದೋ ದೇಶದ ನಕಾಶೆಯ ಹಾಗಿರುತ್ತದೆಂದು ಅವಳು ಮೊದಲೆಲ್ಲ ಚೇಷ್ಟೆ ಮಾಡುತ್ತಿದ್ದಳು. ಒಂದು ಕಡೆ ಹಸಿ, ಇನ್ನೊಂದು ಕಡೆ ಸೀದಿತ್ತು. ತಟ್ಟೆಗೆ ಹಾಕಿ, ಪಕ್ಕದಲ್ಲಿ ಶೇಂಗಾ ಚಟ್ನಿ ಇಟ್ಟು ಕೆಳಗಿಟ್ಟೆ. ಅವಳು ಬಂದು ನಿಂತಳು. ಸೆರಗು ಸುತ್ತಿಕೊಂಡು, ಒಂದು ಕೈ ನೆಲಕ್ಕೂರಿ, ಮೆಲ್ಲಗೆ ತಟ್ಟೆಯ ಮುಂದೆ ಕೂತಳು. ಏಳುವಳೇನೋ ಎಂದು ನಾನು ಉಸಿರು ಹಿಡಿದು ನೋಡುತ್ತಿದ್ದೆ. ಏಳಲಿಲ್ಲ. ಒಂದು ತುಂಡು ಮುರಿದು ಬಾಯಿಗಿಟ್ಟು ನಿಧಾನ ಅಗಿದಳು.

“ಸೀದೈತಿ” ಎಂದಳು.

“ಹೌದಕ್ಕ” ಎಂದೆ.

ತಟ್ಟೆ ಖಾಲಿಯಾಗುವ ತನಕ ತಲೆ ಎತ್ತದೆ ಉಂಡಳು. ಖಾಲಿಯಾದ ಮೇಲೆ ಅದನ್ನು ನನ್ನ ಮುಂದೆ ಹಿಡಿದಳು, ನನ್ನ ಮುಖ ನೋಡದೆ, ಚಿಕ್ಕ ಹುಡುಗಿಯ ಹಾಗೆ ಸಂಕೋಚದಿಂದ.

“ಇನ್ನೊಂದು ಹಾಕವ್ವ” ಎಂದಳು.